ಕೊಂಡಿಯ ಕೊರಳಿನ ಹಂಗನೂಲು

ನಮ್ಮ ಮನೆಯ ಜೋಕಾಲಿ ಕೊಂಡಿಗಳಿಗೆ ಮೂರು ತಲೆಮಾರಿನಿಂದ ಏನೂ ಆಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಪ್ಪ ಹೇಳುತ್ತಾನೆ, ಅವ್ವ ಹೇಳುತ್ತಾಳೆ, ಅಪ್ಪನ ಅಕ್ಕ, ಬೇವೂರಿನ ಅತ್ತೆಯಂತೂ "ಆನಿ ಕಟ್ಟಿದ್ರೂ ಜಗ್ಗಂಗಿಲ್ಲ" ಎನ್ನುತ್ತಾಳೆ. ಆನೆಯನ್ನು ಯಾರೂ ಕಟ್ಟಿ ನೋಡಿಲ್ಲ ಎಂಬುದು ನನ್ನ ಮೊದಲ ಆಕ್ಷೇಪ. ಮೂರು ತಲೆಮಾರು ಎಂಬುದೂ ತಪ್ಪು ಲೆಕ್ಕ. ಆ ಕೊಂಡಿಗಳಿಗೆ ಜೋತುಬಿದ್ದು ಬೆಳೆದವಳು ಮೊದಲು ಅತ್ತೆ, ಆಮೇಲೆ ನಾನು. ಮೂರನೆಯ ತಲೆಮಾರೆಂದರೆ ಅತ್ತೆಯ ಮೊಮ್ಮಗಳು. ಕುಷ್ಟಗಿಯಲ್ಲಿರುವ ಆ ಕೂಸು ಇನ್ನೂ ಒಮ್ಮೆಯೂ ಹತ್ತಿಲ್ಲ. ಹೋಗಲಿ, ಮೂರು ಎಂದೇ ಇಟ್ಟುಕೊಳ್ಳೋಣ. ನಾನು ಕೇಳುವುದು ಒಂದೇ: ಏನೂ ಆಗಿಲ್ಲ, ಸರಿ. ಯಾವ ಕಟ್ಟಿಗೆಯಲ್ಲಿ ಆಗಿಲ್ಲ?

ಇದನ್ನು ಕೇಳಿದಾಗಲೆಲ್ಲ ಮನೆಯಲ್ಲಿ ಒಂದು ನಿಟ್ಟುಸಿರು ಏಳುತ್ತದೆ. ನಾನು ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಯ ಹುಡುಗಿ. ಕುಕನೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಗಂಡುಮಕ್ಕಳ ಕಬಡ್ಡಿ ಕಪ್ಪುಗಳಿರಬೇಕಾದ ಕಡೆ ನನ್ನ ಚರ್ಚೆಯ ಶೀಲ್ಡುಗಳು ಧೂಳು ತಿನ್ನುತ್ತಿವೆ. 'ಪರ' ಮಾತಾಡು ಎಂದರೆ ಪರ, 'ವಿರೋಧ' ಎಂದರೆ ವಿರೋಧ, ಗಂಟೆ ಬಾರಿಸುವವರೆಗೆ ಉಸಿರು ಬಿಡದೆ ಮಾತಾಡಿದವಳು. ಈಗ ಯಲಬುರ್ಗಾದಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಪದ ಎಷ್ಟು ನಿಜವೋ ಉಪನ್ಯಾಸಕಿ ಅಷ್ಟು ನಿಜವಲ್ಲ, ಅದು ಬೇರೆ ವಿಷಯ. ಕಾನೂನು ಓದದಿದ್ದರೂ ಅತ್ತೆ ನನ್ನನ್ನು ಕರೆಯುವುದು 'ವಕೀಲಿ' ಎಂದೇ. ಸಿಟ್ಟು ಬಂದರೆ 'ವಕೀಲಸಾಬ್'.

ಕೊಂಡಿಯ ಮಾತಿಗೆ ಬರುತ್ತೇನೆ. ನಮ್ಮ ಹಳೆಯ ಮನೆ ಮಾಳಿಗೆಯದು. ಬೇವಿನ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಪಡಸಾಲೆಯ ನಡುತೊಲೆಯಲ್ಲಿ ಎರಡು ಕಬ್ಬಿಣದ ಕೊಂಡಿಗಳು. ಅತ್ತೆ ಲಂಗ ಉಡುವ ಹುಡುಗಿಯಾಗಿದ್ದಾಗ ಅಜ್ಜ ಕನಕಗಿರಿಯ ಸಂತೆಗೆ ಹೋಗಿ, ಕಮ್ಮಾರನ ತಿದಿಯ ಮುಂದೆ ಕೂತು ಮಾಡಿಸಿಕೊಂಡು ಬಂದದ್ದಂತೆ. ಹೆಬ್ಬೆರಳಿನಷ್ಟು ದಪ್ಪದ ಕಾಂಡ. ಅದು ತೊಲೆಯೊಳಗೆ ಹೊಕ್ಕು ಮೇಲೆ ಬೆಣೆ ಬಡಿಸಿಕೊಂಡಿರುತ್ತಿತ್ತು. ತೊಲೆಯ ಕೆಳಗೆ ಕಾಣುವ ಭಾಗಕ್ಕೆ ಹಾವಿನ ಹೆಡೆ, ಹೆಡೆಯ ಬಾಯಲ್ಲಿ ಬಳೆ, ಬಳೆಗೆ ಹಗ್ಗ. ಜೀಕಿದಾಗ ಬಳೆಯೂ ಹೆಡೆಯೂ ಉಜ್ಜಿ 'ಕಿರ್ರ್...ಕೊಂಯ್' ಎಂಬ ಒಂದು ದನಿ. ನಾಗರ ಪಂಚಮಿಯ ದಿನ ಅವ್ವ ಪೂಜೆಯ ಹತ್ತಿ ದಾರವಾದ ಹಂಗನೂಲನ್ನು ಹಾಲಿನಲ್ಲಿ ಅದ್ದಿ ಅರಿಶಿನ ಹಚ್ಚಿ, ಹುತ್ತಕ್ಕೆ ಏರಿಸಿದ ಹಾಗೆ, ಆ ಎರಡು ಹೆಡೆಗಳ ಕೊರಳಿಗೂ ಸುತ್ತುತ್ತಿದ್ದಳು. ಅದನ್ನು ಯಾರೂ ಬಿಚ್ಚಬಾರದು, ಒಣಗಿ ತಾನಾಗಿಯೇ ಬೀಳಬೇಕು. ಬೇರೆಯವರ ಮನೆಗಳಲ್ಲಿ ಈ ಪದ್ಧತಿ ನಾನು ಕಂಡಿಲ್ಲ. ಹೆಡೆಯ ಕೊಂಡಿ ಇದ್ದರಲ್ಲವೇ ಪದ್ಧತಿ.

ಪ್ರತಿ ಪಂಚಮಿಗೆ ತವರಿಗೆ ಬರುವ ಅತ್ತೆ ಕೂತು ಜೀಕಿದ್ದನ್ನು ನಾನು ನೋಡಿಯೇ ಇಲ್ಲ. ಚಪ್ಪಲಿ ಬಿಟ್ಟು, ಸೀರೆಯನ್ನು ಕಚ್ಚೆಯಂತೆ ಸಿಕ್ಕಿಸಿ, ಮಣೆಯ ಮೇಲೆ ನಿಂತು ಮಂಡಿ ಮಡಚಿ ಒಂದು ಎಳೆತ ಎಳೆದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ. ಮದುವೆಯಾಗಿ, ಮಕ್ಕಳಾಗಿ, ಮಾವ ತೀರಿಕೊಂಡು, ತಲೆ ನರೆತರೂ ಅದೇ ಎಳೆತ. ವರ್ಷವಿಡೀ ಬೇವೂರಿನ ಎರೆಹೊಲದಲ್ಲಿ ಬಗ್ಗಿದ ಬೆನ್ನು ಆ ಒಂದು ದಿನ ನೆಟ್ಟಗಾಗುತ್ತಿತ್ತು. ಕೆಳಗೆ ಶೇಂಗಾ ಉಂಡಿ ಕೈಯಲ್ಲಿ ಹಿಡಿದು ನಿಂತ ನನಗೆ, ಆಗಲೇ, ಖುಷಿಗಿಂತ ಭಯವೇ ಹೆಚ್ಚು. ಎಲ್ಲ ಮಕ್ಕಳೂ ಅತ್ತೆಯ ಕಾಲು ಎಲ್ಲಿಗೆ ಮುಟ್ಟಿತು ಎಂದು ನೋಡಿದರೆ ನಾನು ತೊಲೆ ನೋಡುತ್ತಿದ್ದೆ. ತೊಲೆಯ ಮೈಮೇಲೆ ಗೆದ್ದಲಿನ ಮಣ್ಣಿನ ಗೆರೆಗಳು ಹರಿದಾಡಿದ್ದವು. ಗೆದ್ದಲಿಗೆ ನಮ್ಮ ಕಡೆ ಒರಲಿ ಎನ್ನುತ್ತಾರೆ. ಊಟಕ್ಕೆ ಕೂತರೆ ರೊಟ್ಟಿಯ ಮೇಲೆ ನಯವಾದ ಕಟ್ಟಿಗೆಯ ಹಿಟ್ಟು ಉದುರುತ್ತಿತ್ತು. ಅಪ್ಪ ವರ್ಷಕ್ಕೊಮ್ಮೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ತಂದು ತೊಲೆಗೆಲ್ಲ ಬಳಿಯುತ್ತಿದ್ದ. ಒಂದು ಪಂಚಮಿಗೆ ನನ್ನ ಹೊಸ ಹಳದಿ ಲಂಗದ ಮೇಲೆ ಅದರದೊಂದು ಕರಿ ಹನಿ ಬಿದ್ದು, ನಾನು ಅತ್ತ ಅಳುವಿನ ಬಗ್ಗೆ ಇನ್ನೂ ಮಾತಾಡುತ್ತಾರೆ. ಒರಲಿಗೆ ಮಾತ್ರ ಆ ಆಯಿಲ್ ಪಾನಕವಾಗಿತ್ತೆಂದು ತೋರುತ್ತದೆ.

ಕೊನೆಗೆ ಒಂದು ಮಳೆಗಾಲದಲ್ಲಿ ಅಡುಗೆಮನೆಯ ಕಡೆಯ ಜಂತಿಗಳು ಕುಸಿದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪನಿಗೆ ಸಾಕಾಯಿತು. ಹಳೆಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಕೊಂಡಿಗಳನ್ನು ಎಣ್ಣೆ ಹಚ್ಚಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಹೋದ ವರ್ಷ ಪಂಚಮಿಗೆ ಬಂದ ಅತ್ತೆ ಹೊಸ್ತಿಲಲ್ಲಿ ನಿಂತು ಹೊಸ ಸ್ಲ್ಯಾಬನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದಳು.

"ಎಲ್ಲೆ ಜೀಕಲಿ ತಮ್ಮಾ? ಫ್ಯಾನಿನ ಕೊಂಡಿಗೇನು?"

ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ. ಅರ್ಧ ಉಂಡಿ ತಿಂದು, ಉಳಿದರ್ಧವನ್ನು ತಾಟಿನಲ್ಲೇ ಬಿಟ್ಟು, ಮಧ್ಯಾಹ್ನದ ಬಸ್ಸಿಗೇ ಬೇವೂರಿಗೆ ಹೋದಳು. ಅಪ್ಪ ಆ ಅರ್ಧ ಉಂಡಿಯನ್ನು ಬಹಳ ಹೊತ್ತು ನೋಡಿದ. ಈ ವರ್ಷ ಬೇಸಿಗೆ ಮುಗಿಯುತ್ತಿದ್ದಂತೆ, "ಅಂಗಳದಾಗ ಕಟ್ಟಿಗೀದ ಒಂದ್ ಜೋಕಾಲಿ ಚೌಕಟ್ಟು ನಿಂದ್ರಸೂಣು. ಒರಲಿ ಹತ್ತಬಾರ್ದು, ಅಷ್ಟ" ಎಂದ.

ಒರಲಿ ಹತ್ತದ ಕಟ್ಟಿಗೆಗಾಗಿ ಗಂಗಾವತಿಗೆ ಹೋದೆವು. ಅಲ್ಲಿನ ಒಂದು ಕಟ್ಟಿಗೆ ಅಡ್ಡೆಯಲ್ಲಿ ಔಷಧಿ ಕುಡಿಸಿದ ಪೈನ್ ತೊಲೆಗಳಿದ್ದವು. ಮೈಯೆಲ್ಲ ತಿಳಿ ಹಸಿರು, ಹಳೆಯ ತಾಮ್ರದ ತಂಬಿಗೆಯ ಹೊಟ್ಟೆಯ ಹಾಗೆ.

"ದೊಡ್ಡ ಕಬ್ಬಿಣದ ಕೊಳವಿಯೊಳಗ ಹಾಕಿ, ಒತ್ತಡ ಕೊಟ್ಟು ಔಷಧಿ ಕುಡಿಸಿರ್ತಾರ್ರಿ," ಎಂದ ಅಡ್ಡೆಯ ಮಾಲೀಕ. "ಒರಲಿ ಇದರ ವಾಸನಿಗೇ ತಿರಿಗಿ ನೋಡಂಗಿಲ್ಲ. ಬೇಕಾದ್ರ ನಿಮ್ಮ ಮನಿ ಮುಂದ ಒಂದು ಹುತ್ತ ಕಟ್ಟಿಸಿ ಅದರಾಗ ನೆಡ್ರಿ."

ಮುಟ್ಟಿ ನೋಡಿದೆ. ತಣ್ಣಗಿತ್ತು, ಒಳಗೆಲ್ಲ ಇನ್ನೂ ಹಸಿ. "ಔಷಧಿಯೊಳಗ ಏನಿರತೈತ್ರಿ?" ಎಂದು ಕೇಳಿದೆ. ಮಾಲೀಕ ಅಪ್ಪನ ಮುಖ ನೋಡಿದ. "ತಾಮ್ರ ಇರತೈತ್ರಿ. ಮತ್ತ ಏನೇನೋ ಇರತೈತಿ. ತಂಗಿ ಸೈನ್ಸೇನ್ರಿ?"

ತಂಗಿ ಸೈನ್ಸಲ್ಲ, ಇತಿಹಾಸ. ಆದರೆ ತಂಗಿಯ ಕೈಯಲ್ಲಿ ಫೋನಿತ್ತು, ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟಿತ್ತು. ಬಸ್ಸು ಊರು ಮುಟ್ಟುವವರೆಗೂ ಓದಿದೆ. ತಾಮ್ರದ ಔಷಧಿ ಕುಡಿದ ಕಟ್ಟಿಗೆ ಒರಲಿಯನ್ನು ದೂರವಿಡುತ್ತದೆ, ನಿಜ. ಆದರೆ ತೇವ ಇದ್ದಷ್ಟು ದಿನ ಆ ತಾಮ್ರ ಸಾದಾ ಕಬ್ಬಿಣವನ್ನು ತಿನ್ನುತ್ತದೆ. ಹೊಳೆಯುವ ತೆಳು ಜಿಂಕಿನ ಬೋಲ್ಟನ್ನೂ ಬಿಡುವುದಿಲ್ಲ. ಕರಗಿಸಿದ ಜಿಂಕಿನಲ್ಲಿ ಅದ್ದಿ ತೆಗೆದ ದಪ್ಪ ಲೇಪದ ಬೋಲ್ಟು ಆಗಬೇಕು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದು. ತುಕ್ಕು ಹಿಡಿಯುವುದು ಹೊರಗೆ ಕಾಣುವ ತಲೆಗಲ್ಲ, ಒಳಗೆ ಕಟ್ಟಿಗೆಗೆ ತಾಗಿದ ಕಾಂಡಕ್ಕೆ. ಅಂದರೆ ಒರಲಿಯ ಕೆಲಸವನ್ನೇ ಈಗ ಔಷಧಿ ಮಾಡುತ್ತದೆ, ಆದರೆ ಕಬ್ಬಿಣಕ್ಕೆ. ಒರಲಿ ಕನಿಷ್ಠ ಮಣ್ಣಿನ ಗೆರೆ ಬಿಟ್ಟು ಸುಳಿವಾದರೂ ಕೊಡುತ್ತಿತ್ತು.

ತೊಲೆಗಳಿಗೆ ಅಪ್ಪ ಆಗಲೇ ಹಣ ಕೊಟ್ಟಿದ್ದ. ಬೋಲ್ಟಿಗಾಗಿ ಗಂಗಾವತಿಗೆ ಮತ್ತೆ ಹೋದೆ. ಹಾರ್ಡ್‌ವೇರ್ ಅಂಗಡಿಯವ ಫಳಫಳ ಹೊಳೆಯುವ ಬೋಲ್ಟುಗಳನ್ನು ಮುಂದೆ ಸುರಿದ. ಇದಲ್ಲ, ಮಾಸಿದ ಬೂದು ಬಣ್ಣದ, ದಪ್ಪ ಲೇಪದ್ದು ಬೇಕು ಎಂದೆ. "ಲೋಕದಾಗ ಎಲ್ಲಾರೂ ಹೊಳಿಯೂದು ಕೇಳ್ತಾರ, ನೀವೊಬ್ರ ಮಾಸಿದ್ದು ಕೇಳ್ತೀರಲ್ರೀ ಮೇಡಮ್ಮಾರ!" ಅವನ ಬಳಿ ಅದು ಇರಲಿಲ್ಲ. ಕೊಪ್ಪಳದಲ್ಲಿ ಸ್ಟೇನ್‌ಲೆಸ್ ಬೋಲ್ಟು ಸಿಕ್ಕವು. ಅವನ್ನು ಚೀಲದಲ್ಲಿ ಹಾಕಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಚೌಕಟ್ಟು ಕಟ್ಟಿದ್ದು ನಮ್ಮೂರಿನ ಬಡಿಗೇರ ಮೌನೇಶಪ್ಪ. ಹೆಸರಿಗೂ ಅವನಿಗೂ ಸಂಬಂಧವಿಲ್ಲ, ಉಳಿಗಿಂತ ಬಾಯಿ ಹರಿತ. ನನ್ನ ಸ್ಟೇನ್‌ಲೆಸ್ ಬೋಲ್ಟಿಗೆ ತನ್ನ ಡಬ್ಬಿಯ ಜಿಂಕ್ ವಾಷರ್ ಹಾಕಹೊರಟ. ಬೇರೆ ಬೇರೆ ಲೋಹ ಕೂಡಿಸಬೇಡ, ತೇವದಲ್ಲಿ ಒಂದು ಇನ್ನೊಂದನ್ನು ತಿನ್ನುತ್ತದೆ ಎಂದೆ.

"ಬೋಲ್ಟಿಗೂ ವಾಷರಿಗೂ ಜಾತಕ ನೋಡ್ತೀಯೇನ ತಂಗೆವ್ವ? ಹಂಗಾರ ನಿನ್ನ ಜಾತಕ ಯಾವಾಗ ಹೊರಗ ತೆಗೀತೀ?"

"ಮೊದಲ ಇವೆರಡರ ಲಗ್ನ ಆಗ್ಲಿ, ಆಮ್ಯಾಲೆ ನಂದು," ಎಂದೆ. ವಾಷರ್ ಬದಲಾಯಿತು. ಕತ್ತರಿಸಿದ ತುದಿಗಳಲ್ಲಿ, ಕೊರೆದ ತೂತುಗಳಲ್ಲಿ ಔಷಧಿ ಕುಡಿಯದ ಒಳಗಿನ ಕಟ್ಟಿಗೆ ತೆರೆದುಕೊಳ್ಳುತ್ತದೆ, ಅಲ್ಲಿಗೆ ಮತ್ತೆ ಔಷಧಿ ಬಳಿಯಬೇಕು ಎಂದೆ. ಬಳಿದ. ಬಳಿಯುವಾಗ ಬಯ್ದ. ನಾನು ಗೆಲ್ಲುತ್ತಿದ್ದೆ. ಗೆಲ್ಲುವಾಗ ನನಗೆ ಬೆನ್ನ ಹಿಂದೆ ನೋಡುವ ಅಭ್ಯಾಸವಿಲ್ಲ. ನೋಡಿದಾಗ ಅವ್ವ ಹಸಿರು ತುಂಡುಗಳನ್ನು ಉಡಿಯಲ್ಲಿ ತುಂಬಿಕೊಂಡು ನೀರೊಲೆಯ ಕಡೆ ಹೊರಟಿದ್ದಳು.

"ಅವ್ವಾ, ಅದನ್ನ ಸುಡಬ್ಯಾಡ! ಹೊಗಿ ವಿಷ, ಬೂದಿನೂ ವಿಷ!"

"ಕಟ್ಟಿಗಿ ಸುಡಬಾರ್ದಂದ್ರ ಕಟ್ಟಿಗಿ ಯಾಕ ತಂದ್ರಿ?" ಎಂದಳು ಅವ್ವ. ನಮ್ಮಲ್ಲಿ ಒಲೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತದೆ, ಮೆಣಸಿನ ಗಿಡದ ಬುಡಕ್ಕೆ ಹೋಗುತ್ತದೆ. ಏನನ್ನೂ ಚೆಲ್ಲದ ಮನೆಗೆ ಚೆಲ್ಲಲೇಬೇಕಾದ ವಸ್ತುವೊಂದು ಮೊದಲ ಸಲ ಬಂದಿತ್ತು. ತುಂಡುಗಳನ್ನೆಲ್ಲ ಗೊಬ್ಬರದ ಚೀಲಕ್ಕೆ ತುಂಬಿ ಮಾಳಿಗೆಯ ಮೇಲಿಟ್ಟೆ. ಸ್ಲ್ಯಾಬು ಬಂದರೂ ನಮಗದು ಮಾಳಿಗೆಯೇ. ಚೀಲ ಈಗಲೂ ಅಲ್ಲೇ ಇದೆ. ಏನು ಮಾಡಬೇಕೋ ಗೊತ್ತಿಲ್ಲ.

ಅಷ್ಟರಲ್ಲಿ ಅಪ್ಪ ಒಳಗಿನಿಂದ ಇಳಕಲ್ ಸೀರೆಯ ಗಂಟು ತಂದ.

ಬಿಚ್ಚಿದ. ಎಣ್ಣೆಯಲ್ಲಿ ಮಿಂದ ಎರಡು ಕರಿ ಹೆಡೆಗಳು. ಅಪ್ಪಟ ಸಾದಾ ಕಬ್ಬಿಣ. ಇಷ್ಟು ದಿನ ಬೋಲ್ಟು ಬೋಲ್ಟು ಎಂದು ಊರೂರು ತಿರುಗಿದವಳಿಗೆ ಕೊಂಡಿಯ ನೆನಪೇ ಆಗಿರಲಿಲ್ಲ.

"ಇವನ್ನ ಈ ಕಟ್ಟಿಗಿಗೆ ಹಾಕಬಾರ್ದಪ್ಪಾ," ಎಂದೆ. "ಸ್ಟೇನ್‌ಲೆಸ್ ಕೊಂಡಿ ತರ್ತೀನಿ."

"ಜೋಕಾಲಿ ಅಂದ್ರ ಇವ," ಎಂದ ಅಪ್ಪ. "ಕಟ್ಟಿಗಿ ಹೆಂತಾದರ ಇರ್ಲಿ, ಹಗ್ಗ ಯಾವದರ ಇರ್ಲಿ. ನಮ್ಮಕ್ಕಗ ಬೇಕಾದ್ದು ಇವ."

ಮೌನೇಶಪ್ಪ ವಾದಕ್ಕೆ ಇಳಿದ. "ಹೆಬ್ಬಟ್ಟು ದಪ್ಪ ಅದಾವ ತಂಗೆವ್ವ. ಮತ್ತ ನಮ್ಮ ಕಡೆ ಮಳಿ ಎಲ್ಲೈತಿ ತುಕ್ಕು ಹಿಡ್ಯಾಕ? ಶ್ರಾವಣದಾಗ ನಾಕ ಹನಿ ಬಿದ್ರ ಕಪ್ಪಿ ಮದವಿ ಮಾಡಿದ್ದು ಸಾರ್ಥಕ ಅಂತೀವಿ."

ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಒಳ್ಳೆಯ ವಾದ. ದಪ್ಪ ಕಬ್ಬಿಣ ಬೇಗ ಸಾಯುವುದಿಲ್ಲ. ಒಣ ನಾಡಿನಲ್ಲಿ ತುಕ್ಕಿಗೆ ಕಾಲು ನಿಧಾನ. ಎದುರಾಳಿ ಒಳ್ಳೆಯ ವಾದ ಹೂಡಿದರೆ ಒಪ್ಪಿಕೊಂಡು ಆಮೇಲೆ ಬೀಳಿಸಬೇಕು ಎಂದು ನನಗೆ ಕಲಿಸಿದ್ದಾರೆ. ಒಪ್ಪಿಕೊಂಡೆ. ಆಮೇಲೆ ಹೇಳಿದೆ: ತೊಲೆ ಒಳಗಿನಿಂದಲೇ ಹಸಿ ಇದೆ, ಮಳೆಗೆ ಕಾಯುವುದೇ ಬೇಡ. ಹಬ್ಬದ ದಿನ ಹಾಲಿನ ಹಂಗನೂಲು ಸುತ್ತುವುದು ಎಲ್ಲಿಗೆ? ಕಬ್ಬಿಣ ಕಟ್ಟಿಗೆಯೊಳಗೆ ಹೊಗುವ ಸರಿಯಾದ ಜಾಗಕ್ಕೇ. ಅದು ತಾನಾಗಿ ಬೀಳುವ ತನಕ ತೇವ ಹಿಡಿದುಕೊಂಡು ಅಲ್ಲೇ ಕೂತಿರುತ್ತದೆ. ಇನ್ನು ಈ ವರ್ಷ ಮುರಿಯುತ್ತದೆ ಎಂದು ನಾನು ಹೇಳುತ್ತಲೇ ಇಲ್ಲ. ಈ ವರ್ಷ ಮುರಿದರೆ ಒಳ್ಳೆಯದಿತ್ತು, ಎಲ್ಲರೂ ಹೆದರಿ ನೋಡುತ್ತಿರುತ್ತೇವೆ. ನಾವೆಲ್ಲ ನೋಡುವುದನ್ನು ಬಿಟ್ಟ ವರ್ಷ ಅದು ಮುರಿಯುತ್ತದೆ. ಮೇಲೆ ನಿಂತವರು ಯಾರಾಗಿರುತ್ತಾರೆ?

ನಾನೇ ದಾರಿಯನ್ನೂ ಹೇಳಿದೆ. ತೂತನ್ನು ಸ್ವಲ್ಪ ಅಗಲ ಕೊರೆಯಿರಿ, ಒಳಗೆ ಪ್ಲಾಸ್ಟಿಕ್ ಪೈಪಿನ ತುಂಡು ತೂರಿಸಿ, ಅದರೊಳಗೆ ಕೊಂಡಿ ಇಳಿಸಿ. ಮೇಲಿನ ಬೆಣೆಯ ಅಡಿಗೂ ಒಂದು ಪ್ಲಾಸ್ಟಿಕ್ ಬಿಲ್ಲೆ ಇಡಿ. ಕಬ್ಬಿಣ ಎಲ್ಲೂ ಕಟ್ಟಿಗೆಗೆ ತಾಗದಿದ್ದರೆ ಅರ್ಧ ಭಯ ಹೋಯಿತು.

"ಕೊಂಡಿಗೆ ಚಡ್ಡಿ ಹಾಕಂತೀ," ಎಂದ ಮೌನೇಶಪ್ಪ.

ಅಪ್ಪ ನಗದೆ ಫೋನೆತ್ತಿ ಅಕ್ಕನಿಗೆ ಎಲ್ಲ ಹೇಳಿದ. ಸ್ಪೀಕರಿನಲ್ಲಿ ಅತ್ತೆಯ ದನಿ ಬೇವೂರಿನಿಂದ ಅಂಗಳಕ್ಕೆಲ್ಲ ಕೇಳಿತು. "ತಮ್ಮಾ, ನಮ್ಮಪ್ಪ ಬಡಿಸಿದ್ದು ಹೆಂಗೈತಿ ಹಂಗ ಇರ್ಲಿ. ಅದಕ ಏನೂ ಹಚ್ಚಬ್ಯಾಡ್ರಿ, ಏನೂ ಸುತ್ತಬ್ಯಾಡ್ರಿ. ದನಿ ಕೆಡತೈತಿ. ಆ ದನಿ ಇಲ್ದ ಜೋಕಾಲಿಗೆ ನಾ ಯಾಕ ಬಸ್ಸು ಹತ್ತಲಿ? ಆ ವಕೀಲಸಾಬಗ ಹೇಳು, ಕೇಸು ನಾ ಬರೂತನ ಮುಂದೂಡಂತ."

ದನಿ ಬರುವುದು ಬಳೆ ಮತ್ತು ಹೆಡೆ ಉಜ್ಜಿ, ಪೈಪಿಗೂ ದನಿಗೂ ಸಂಬಂಧವಿಲ್ಲ ಎಂದು ನಾನು ಕೂಗಿದ್ದು ಅತ್ತೆಗೆ ಕೇಳಿತೋ ಇಲ್ಲವೋ. ಅಪ್ಪ ಫೋನಿಟ್ಟ. ಅವನ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮಗಳು. ಇಬ್ಬರ ಬಾಯನ್ನೂ ಮೀರಿಸಲಾಗದ ಸಾಧು ಮನುಷ್ಯ. "ಆತು, ನೀ ಹೋಗು. ಬರೋಬ್ಬರಿ ಮಾಡಸ್ತೀನಿ," ಎಂದ. ನನಗೆ ಮರುದಿನ ಕಾಲೇಜಿತ್ತು. ಯಲಬುರ್ಗಾಕ್ಕೆ ಹೋದೆ. ಬಸ್ಸು ಊರು ದಾಟಿದ ಮೇಲೆ ಹೊಳೆಯಿತು: ಬರೋಬ್ಬರಿ, ಅಂದರೆ ಸರಿಯಾಗಿ, ಎಂದನೇ ಹೊರತು ಯಾರ ಪ್ರಕಾರ ಬರೋಬ್ಬರಿ ಎನ್ನಲಿಲ್ಲ.

ಫೋನು ಮಾಡಿ ಕೇಳಿದೆ. "ಆಗೇತಿ, ಆಗೇತಿ" ಎಂದ. ಏನು ಆಗಿದೆ? "ಎಲ್ಲಾ ಆಗೇತಿ." ಫೋಟೋ ಕಳಿಸು ಎಂದರೆ ಹೊಸ ಹಗ್ಗದ ಫೋಟೋ ಕಳಿಸಿದ.

ಹಬ್ಬದ ಮೊದಲ ದಿನವಾದ ರೊಟ್ಟಿ ಪಂಚಮಿಗೇ ಹೋಗಬೇಕೆಂದಿದ್ದೆ. ಕಾಲೇಜಿನ ಕೆಲಸ ಬಿಡಲಿಲ್ಲ. ಮರುದಿನ ಹಾಲೆರೆಯುವ ಹಬ್ಬದ ಬೆಳಿಗ್ಗೆ ಇಳಿದು, ಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ಅಂಗಳಕ್ಕೆ ಓಡಿದೆ. ಚೌಕಟ್ಟು ಚೆಂದ ನಿಂತಿತ್ತು. ತೊಲೆಯ ನೆತ್ತಿಗೆ, ಬೆಣೆಗಳ ಮೇಲೆ ಮಳೆ ಬೀಳದಂತೆ, ಮೌನೇಶಪ್ಪ ಎರಡು ಕಟ್ಟಿಗೆಯ ಟೋಪಿ ಕೂರಿಸಿ ಅಂಟು ಹಾಕಿ ಮುಚ್ಚಿದ್ದ. ಕೆಳಗೆ, ಹೆಡೆ ತೊಲೆಯನ್ನು ಸೇರುವ ಕೊರಳಿನಲ್ಲಿ, ಪೈಪಿದ್ದರೆ ಅದರ ಬಿಳಿ ಅಂಚು ಕಾಣಬೇಕಾದ ಅದೇ ಜಾಗದಲ್ಲಿ, ಅವ್ವ ಆಗಲೇ ಹಂಗನೂಲು ಸುತ್ತಿಬಿಟ್ಟಿದ್ದಳು. ದಪ್ಪಗೆ, ಅರಿಶಿನ ಹಚ್ಚಿ, ಹಾಲು ತೊಟ್ಟಿಕ್ಕುವಂತೆ. ಮಣೆಯ ಮೇಲೆ ಬಿದ್ದ ಹಾಲಿನ ಹನಿಯಲ್ಲಿ ಒಂದು ಹಸಿರು ಛಾಯೆ ಇತ್ತು. ಇರಲಿಲ್ಲವೇನೋ. ಹೆದರಿದ ಕಣ್ಣಿನ ಸಾಕ್ಷ್ಯವನ್ನು ನಾನೇ ಒಪ್ಪುವುದಿಲ್ಲ.

ಸ್ಟೂಲು ಎಳೆದುಕೊಂಡು ಹತ್ತಿದೆ. ನೂಲಿಗೆ ಕೈ ಹಾಕುವಷ್ಟರಲ್ಲಿ ಅವ್ವನ ದನಿ.

"ಏ! ಬಿಚ್ಚೂದಲ್ಲ ಅದು. ಹಾಲೆರಿಯೂ ದಿವಸ!"

"ಬಿಚ್ಚಂಗಿಲ್ಲವ್ವ, ಸರಸಿ ನೋಡ್ತೀನಿ."

"ನೀ ದೇವರ್ನ ನಂಬದಿದ್ರ ಬಿಡು. ನನ್ನ ನೂಲ ಮುಟ್ಟಬ್ಯಾಡ."

ನಾನು ದೇವರೊಂದಿಗೆ ಎಷ್ಟು ಬೇಕಾದರೂ ವಾದಿಸಬಲ್ಲೆ. ಬೆಳಗಿನಿಂದ ಉಪವಾಸವಿದ್ದ ಅವ್ವನೊಂದಿಗೆ ಆಗಲಿಲ್ಲ. ಸ್ಟೂಲು ಇಳಿದೆ. ಉಂಡಿಗಾಗಿ ಬಂದಿದ್ದ ಮೌನೇಶಪ್ಪನನ್ನು ಮೂಲೆಗೆ ಕರೆದು ಕೇಳಿದೆ. ಬಾಯಿ ತುಂಬ ಎಳ್ಳುಂಡಿ ಇಟ್ಟುಕೊಂಡು, ಜನ್ಮದಲ್ಲೇ ಮೊದಲ ಸಲ ಮೌನೇಶನಾದ. ನುಂಗಿ ಹೇಳಿದ್ದು ಇಷ್ಟು: "ನಿಮ್ಮಪ್ಪನ್ನ ಕೇಳವ್ವ. ಅವ್ರು ಹೆಂಗ ಹೇಳಿದ್ರು, ನಾ ಹಂಗ ಮಾಡೀನಿ." ಅಪ್ಪನನ್ನು ಹುಡುಕಿದರೆ ಅವನು ಅಕ್ಕನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದ.

ಅತ್ತೆ ಬಂದಳು. ಚಹಾ ಕೂಡ ಕುಡಿಯಲಿಲ್ಲ. ಚಪ್ಪಲಿ ಬಿಟ್ಟು ಚೌಕಟ್ಟಿನ ಕೆಳಗೆ ನಿಂತು ಕತ್ತೆತ್ತಿ ಹೆಡೆಗಳನ್ನು ನೋಡಿದಳು. ಸ್ಟೂಲು ಹತ್ತಿ ಒಂದೊಂದನ್ನೂ ನಾಲ್ಕು ಬೆರಳಿನಿಂದ ಸವರಿದಳು. ಕೈಯನ್ನು ಕಣ್ಣಿಗೊತ್ತಿಕೊಂಡಳು. ಸೀರೆ ಸಿಕ್ಕಿಸಿದಳು, ಮಣೆ ಹತ್ತಿ ನಿಂತಳು, ಹಗ್ಗಗಳನ್ನು ಒಮ್ಮೆ ಜಗ್ಗಿದಳು. ಸುತ್ತ ನಿಂತವರಲ್ಲಿ ನನ್ನನ್ನೇ ಹುಡುಕಿ ಹೇಳಿದಳು:

"ಏ ವಕೀಲಿ, ಅಲ್ಲೇನ ನಿಂತಿ? ಬಾ, ನೂಕು."

"ಅತ್ತಿ, ಈ ಸಲ ಕೂತು ಜೀಕಬಾರ್ದೇನು?"

"ಕುಂದ್ರಾಕ ನಮ್ಮ ಮನ್ಯಾಗ ಕುರ್ಚಿ ಅದಾವ. ನೂಕು."

ಅವಳ ಬೆನ್ನಿಗೆ ಕೈಯಿಟ್ಟೆ. ಸೀರೆಯ ಕೆಳಗೆ ಬೆನ್ನಿನ ಎಲುಬು ಸಣ್ಣ ಸಣ್ಣ ಕಲ್ಲುಗಳಂತೆ ಸಿಕ್ಕವು. ಪೈಪ್ ಇದ್ದರೆ ಒಂದು ತೂಕ, ಇಲ್ಲದಿದ್ದರೆ ಇನ್ನೊಂದು ತೂಕ ಎಂದು ಕೈಗೆ ತಿಳಿಯುವುದಿಲ್ಲ. ನೂಕಿದೆ. ಜೋಕಾಲಿ ಹೋಯಿತು, ಬಂತು. ಮೆಲ್ಲಗೆ ನೂಕಿದರೆ "ಜೋಳದ ಗಂಜಿ ಕುಡದ ಕೈ ಅಲ್ಲೇನಿದು!" ಎಂದು ಬೈಸಿಕೊಂಡೆ. ಮಂಡಿ ಮಡಚಿ ಅವಳೇ ಎಳೆದಳು. ಆಗ ಕೇಳಿತು, ಕಿರ್ರ್...ಕೊಂಯ್. ಅಂಗಳದಲ್ಲಿದ್ದವರೆಲ್ಲ ಹೋ ಎಂದರು. ಅತ್ತೆ ಮೇಲಿನಿಂದ ನಕ್ಕಳು, ಹೋದ ವರ್ಷ ನಗದೇ ಬಿಟ್ಟದ್ದನ್ನೂ ಸೇರಿಸಿ. ಆ ದನಿ ಏನನ್ನೂ ರುಜುವಾತು ಮಾಡುವುದಿಲ್ಲ ಎಂದು ನನಗೆ ಗೊತ್ತು. ಬಳೆ ಉಜ್ಜಿದರೆ ಅದು ಹಾಗೆಯೇ ಕೂಗುತ್ತದೆ, ಒಳಗಿನ ಕಾಂಡ ಗಟ್ಟಿಯಿದ್ದರೂ, ಅರ್ಧ ತಿಂದುಹೋಗಿದ್ದರೂ. ಲಂಗದ ಹುಡುಗಿಯಂತೆ ನಾನು ಮತ್ತೆ ತೊಲೆಯನ್ನೇ ನೋಡುತ್ತ ನಿಂತೆ.

ಏನೂ ಆಗಲಿಲ್ಲ. ಆಗುವುದಿಲ್ಲ ಎಂದು ನಾನೇ ವಾದಿಸಿದ್ದೆನಲ್ಲ, ಈ ವರ್ಷ ಆಗುವುದಿಲ್ಲ ಎಂದು.

ಅತ್ತೆ ಇಳಿದು, ಕಟ್ಟೆಯ ಮೇಲೆ ಕೂತು, ಒಂದು ಇಡೀ ಶೇಂಗಾ ಉಂಡಿಯನ್ನು ಪುಡಿ ಬೀಳದಂತೆ ತಿಂದಳು. ಅಪ್ಪ ಅವಳ ತಾಟನ್ನೇ ನೋಡುತ್ತಿದ್ದ.

"ತಮ್ಮಾ, ಭಾಳ ಛಲೋ ಆತು," ಎಂದಳು. "ಬರೂ ಪಂಚಮಿಗೆ ಕುಷ್ಟಗಿ ಕೂಸಿನ್ನ ಕರ್ಕೊಂಡ ಬರ್ತೀನಿ. ಮುಂದ ನಿಂದ್ರಿಸ್ಕೊಂಡು ಇಬ್ರೂ ಕೂಡೇ ಜೀಕ್ತೀವಿ. ವರ್ಷಾ ಬರ್ತೀವಿ."

"ಬಾ ಅಕ್ಕಾ," ಎಂದ ಅಪ್ಪ. ಇನ್ನೊಂದು ಉಂಡಿಯನ್ನು ಅವಳ ತಾಟಿಗೆ ಹಾಕಿದ.

ಮೇಲೆ ಹಂಗನೂಲು ಇನ್ನೂ ಒದ್ದೆಯಾಗಿಯೇ ಇತ್ತು. ವಾದಕ್ಕೆ ಸಿದ್ಧ ಮಾಡಿಕೊಂಡ ಮಾತನ್ನೆಲ್ಲ ಬಿಟ್ಟು ನಾನು ಕೇಳಿದ್ದು ಇಷ್ಟೇ.

"ಅಪ್ಪಾ, ಆ ನೂಲಿನ ಒಳಗ ಪೈಪ್ ಐತೋ, ಇಲ್ಲೋ?"